ಸೋಮವಾರದ ಗಾಡಿಗಳು

"ಪಾಂಡವಪುರದ ಒಂದು ಟೈರುಗಾಡಿ ರಿಪೇರಿ ಅಂಗಡಿಯಲ್ಲಿ ಕೂತು, ಯಾರ ಸಹಾಯವೂ ಇಲ್ಲದೆ, ಈ ಹೆಣ್ಣುಮಗಳು ಇಂಟರ್ನೆಟ್ಟಿನಿಂದಲೇ ಸ್ಟ್ಯಾಟಿಸ್ಟಿಕ್ಸ್ ಕಲಿತಳು."

ಕಳೆದ ತಿಂಗಳು ನಮ್ಮ ಹಳೆಯ ಕಾಲೇಜಿನ ಸಭಾಂಗಣದಲ್ಲಿ ಸ್ವಾಗತ ಭಾಷಣ ಮಾಡಿದವರು ಹೇಳಿದ ವಾಕ್ಯ ಇದು. ಜನ ಚಪ್ಪಾಳೆ ತಟ್ಟಿದರು. ನಾನು ತಟ್ಟಲಿಲ್ಲ. ಒಂದೇ ವಾಕ್ಯದಲ್ಲಿ ಮೂರು ತಪ್ಪು ಇದ್ದರೆ ಚಪ್ಪಾಳೆ ಹೇಗೆ ತಟ್ಟುವುದು? ಮೊದಲನೆಯದು, ಆ ಅಂಗಡಿಯಲ್ಲಿ ಕರೆಂಟೇ ಸರಿಯಾಗಿ ಇರುತ್ತಿರಲಿಲ್ಲ, ಫೋನಂತೂ ಇರಲೇ ಇಲ್ಲ, ಇಂಟರ್ನೆಟ್ ಎಲ್ಲಿಂದ ಬರಬೇಕು? ಎರಡನೆಯದು, 'ಯಾರ ಸಹಾಯವೂ ಇಲ್ಲದೆ' ಅನ್ನುವುದು. ಆ 'ಯಾರೂ' ನಾನು. ಮೂರನೆಯ ತಪ್ಪು ಯಾವುದು ಅನ್ನುವುದಕ್ಕೆ ಕೊನೆಗೆ ಬರುತ್ತೇನೆ. ಅದು ನನಗೇ ತಡವಾಗಿ ಹೊಳೆದದ್ದು.

ವೇದಿಕೆಯ ಮೇಲೆ ಕೂತಿದ್ದ ನಸೀಮಾ ಆ ವಾಕ್ಯವನ್ನು ತಿದ್ದಲಿಲ್ಲ. ದುಪಟ್ಟಾ ಸರಿಮಾಡಿಕೊಂಡು ಸುಮ್ಮನೆ ನಕ್ಕಳು. ಅವಳೀಗ ಶ್ರೀರಂಗಪಟ್ಟಣದ ಗಂಜಾಮಿನಲ್ಲಿ ತನ್ನ ಮನೆಯಿಂದಲೇ ಡೇಟಾ ಸೈನ್ಸ್ ಕಲಿಯುವವರ ಒಂದು ಆನ್‌ಲೈನ್ ಬಳಗ ನಡೆಸುತ್ತಾಳೆ. ಎಲ್ಲೆಲ್ಲಿಯವರೋ ಅಲ್ಲಿ ಬಂದು ಕಲಿಯುತ್ತಾರೆ, ತಪ್ಪು ಮಾಡುತ್ತಾರೆ, ಒಬ್ಬರನ್ನೊಬ್ಬರು ತಿದ್ದುತ್ತಾರೆ. ಅಲ್ಲಿ ಒಂದು ಪದ್ಧತಿಯಿದೆ. ತಿಂಗಳಿಗೊಬ್ಬ ಸದಸ್ಯರು ತಮ್ಮ ಮನೆಬಾಗಿಲಲ್ಲಿ ಕಂಡು ಎಣಿಸಿದ ಯಾವುದಾದರೂ ಲೆಕ್ಕವನ್ನು ಬಳಗದ ಮುಂದಿಡಬೇಕು, ಮಿಕ್ಕವರು ಅದರೊಳಗೆ ಏನಿದೆ ಅಂತ ಹುಡುಕಬೇಕು. 'ಬಾಗಿಲ ಲೆಕ್ಕ' ಅಂತ ಅದರ ಹೆಸರು. ಪತ್ರಿಕೆಯವರು ಇದು ಅವಳ ಹೊಸ ಆಲೋಚನೆ ಅಂತ ಬರೆದಿದ್ದರು. ಹೊಸದೂ ಅಲ್ಲ, ಅವಳದೂ ಅಲ್ಲ.

ಸಭಾಂಗಣದಿಂದ ಹೊರಗೆ ಬಂದಾಗ ಗಾಳಿಯಲ್ಲಿ ಆ ವಾಸನೆ ಇತ್ತು. ಸಕ್ಕರೆ ಕಾರ್ಖಾನೆಯಲ್ಲಿ ಕಬ್ಬು ಅರೆಯುವ ಹಂಗಾಮಿನ ವಾಸನೆ, ಬೆಂದ ಕಬ್ಬಿನ ಹಾಲಿನದು. ಸ್ವಲ್ಪ ಸಿಹಿ, ಸ್ವಲ್ಪ ಹುಳಿ, ತಳ ಹಿಡಿದ ಪಾಯಸದ ಹಾಗೆ. ನಾನು ಇದೇ ಊರಿನ ಕೋರ್ಟಿನಲ್ಲಿ ವಕೀಲೆ, ಈ ವಾಸನೆ ನನಗೆ ಹೊಸದಲ್ಲ. ಆದರೆ ಆ ಸಂಜೆ ಅದು ತೊಂಬತ್ತೆಂಟರ ಚಳಿಗಾಲವನ್ನು ಇಡಿಯಾಗಿ ತಂದು ನನ್ನ ಮುಂದೆ ನಿಲ್ಲಿಸಿತು.

ಆಗ ನಾವಿಬ್ಬರೂ ಡಿಗ್ರಿಯ ಕೊನೆಯ ವರ್ಷ. ನಾನು ನಾಲೆಯ ಪಕ್ಕದ ಹಳ್ಳಿಯ ಒಕ್ಕಲು ಮನೆಯವಳು, ಬಾಯಿ ಜೋರು. ಸುತ್ತಲ ಯಾವ ಕಾಲೇಜಿನಲ್ಲಿ ಚರ್ಚಾಸ್ಪರ್ಧೆ ಇದ್ದರೂ ನನ್ನನ್ನು ಬಸ್ಸು ಹತ್ತಿಸುತ್ತಿದ್ದರು. ನಸೀಮಾ ಗಂಜಾಮಿನವಳು. ಅವಳ ತಂದೆ ಟೈರುಗಾಡಿಗಳ ಚಕ್ರ, ಟ್ಯೂಬು, ಬೇರಿಂಗು ರಿಪೇರಿ ಮಾಡುವವರು. ಕಬ್ಬಿನ ಗಾಡಿಗಳು ಹೆಚ್ಚು ಓಡಾಡುವ ದಾರಿ ಬೇಕೆಂದು, ಕಾರ್ಖಾನೆಗೆ ಹೋಗುವ ರಸ್ತೆಯಲ್ಲಿ ನಾಲೆಯ ಸೇತುವೆಯ ಹತ್ತಿರ ಅಂಗಡಿ ಹಾಕಿ, ಸಂಸಾರವನ್ನೂ ಅದರ ಹಿಂದಿನ ಮನೆಗೆ ತಂದಿದ್ದರು. ತರಗತಿಯಲ್ಲಿ ನಸೀಮಾ ಮಾತಾಡಿದ್ದು ಕಡಿಮೆ. ಸ್ಟ್ಯಾಟಿಸ್ಟಿಕ್ಸ್ ಮೇಡಂ ಬೋರ್ಡಿನ ಮೇಲೆ ಬರೆದು ಮುಗಿಸಿ ಕೈ ಒರೆಸಿಕೊಂಡ ಮೇಲೆ, "ಮೇಡಂ, ಅದ್ಯಾಕೆ ಹಂಗೆ?" ಅಂತ ಒಂದು ಮಾತು, ಅಷ್ಟೆ.

ನಮಗೆ ಆಗಿನ ಕಾಲದ ಅಂಥದೇ ಒಂದು ಬಳಗದ ದಾರಿ ತೋರಿಸಿದವರೂ ಆ ಮೇಡಂ ಅವರೇ. ಇಮೇಲಿನ ಒಂದು ಗುಂಪಿದೆ, ಒಂದು ವಿಳಾಸಕ್ಕೆ ಬರೆದರೆ ಲೋಕದ ಯಾವ್ಯಾವ ಮೂಲೆಯಲ್ಲೋ ಇರುವ ಸದಸ್ಯರಿಗೆಲ್ಲ ಹೋಗುತ್ತದೆ, ಅಂಕಿಗಳ ಜೊತೆ ಕೈ ಪಳಗಿಸಿಕೊಳ್ಳುವವರು ಅಲ್ಲಿ ಸೇರುತ್ತಾರೆ ಅಂದರು. ಡೇಟಾ ಸೈನ್ಸ್ ಅನ್ನುವ ಹೆಸರು ನಮ್ಮ ಕಿವಿಗೆ ಬೀಳುವುದಕ್ಕೆ ಇನ್ನೂ ಎಷ್ಟೋ ವರ್ಷವಿತ್ತು. ಊರಿನಲ್ಲಿ ಇಮೇಲು ಸಿಗುವ ಜಾಗ ಒಂದೇ. ಬಸ್‌ಸ್ಟ್ಯಾಂಡಿನ ಎದುರು ಗೊಬ್ಬರದಂಗಡಿಯ ಮಹಡಿಯ ಮೇಲಿದ್ದ ರಾಜಣ್ಣನ ಕಂಪ್ಯೂಟರ್ ಸೆಂಟರು. ಮೆಟ್ಟಿಲು ಹತ್ತುವಾಗ ಯೂರಿಯಾ ವಾಸನೆ, ಮೇಲೆ ಹೋದರೆ ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರ. ಇಬ್ಬರಿಗೆ ಸೇರಿ ಒಂದೇ ಐಡಿ ಅಂತ ರಾಜಣ್ಣನ ನಿಯಮ.

"ಎಸ್ರು ಏಳವ್ವ," ಅಂದ ರಾಜಣ್ಣ.

"ಚಂದ್ರಕಲಾ."

ಒಂದೇ ಬೆರಳಲ್ಲಿ ಇಂಗ್ಲಿಷ್ ಅಕ್ಷರ ಕುಟ್ಟಿದ. "ಇಡೀತಿಲ್ಲ ಕಣವ್ವ. ಎಂಟಕ್ಸರಕ್ಕೇ ನಿಂತೋಯ್ತದೆ. ಕಲಾ ಅಂತ ಆಕ್ಬುಡ್ಲಾ?"

"ಬೇಕಾದಷ್ಟಕ್ಕೆ ತುಂಡು ಮಾಡೋಕೆ ನನ್ನ ಹೆಸರೇನು ಕಬ್ಬಾ ರಾಜಣ್ಣ?"

"ಅಯ್ಯಪ್ಪ, ಈ ಬಾಯಿಗೆ ಯಾರವ್ವ ಸಿಕ್ಕಾಕತ್ತಾರೆ! ನಿಂದೇನಮ್ಮ?"

"ನಸೀಮಾ."

ಕುಟ್ಟಿದ. "ನೋಡು, ಎಂಗ್ ಕೂತ್ಕತ್ತು."

ಹೀಗೆ ಲೋಕದ ಕಣ್ಣಿಗೆ ನಾವಿಬ್ಬರೂ ನಸೀಮಾ ಆದೆವು. ಆವತ್ತು ನನಗೆ ಏನೂ ಅನ್ನಿಸಲಿಲ್ಲ. ಹೆಸರು ಬರೀ ಲಕೋಟೆ, ಒಳಗಿನ ಮಾತು ನನ್ನದಲ್ಲವೇ ಅಂದುಕೊಂಡೆ.

ಮಾತು ನನ್ನದೇ ಆಗಿತ್ತು, ಅದನ್ನು ಅವಳೂ ಇಲ್ಲ ಅನ್ನಲಾರಳು. ಗುರುವಾರ ಮಧ್ಯಾಹ್ನದ ಮೇಲೆ ನಮ್ಮ ಸರದಿ. ಬುಧವಾರ ಕಾಲೇಜಿನ ಹೊಂಗೆ ಮರದ ಕೆಳಗೆ ಕೂತು ಏನು ಬರೆಯಬೇಕೆಂದು ಕಾಗದದ ಮೇಲೆ ಸಿದ್ಧಮಾಡುತ್ತಿದ್ದೆವು. ಇಂಗ್ಲಿಷು ನನ್ನದು. ಅವಳು ತನಗೆ ತೋಚಿದ್ದನ್ನು ಹೇಳುತ್ತಿದ್ದಳು, ನಾನು ಬೇಕಾದ್ದನ್ನು ಇಟ್ಟುಕೊಂಡು ಬೇಡದ್ದನ್ನು ಹೊಡೆದುಹಾಕುತ್ತಿದ್ದೆ. ಹೊಡೆದುಹಾಕಿದ್ದರಲ್ಲಿ ಹೆಚ್ಚಿನವು ಪ್ರಶ್ನೆಗಳು.

"ಸರಾಸರಿ ಇರುವಾಗ ಮಧ್ಯದ ಸಂಖ್ಯೆ ಯಾಕೆ ಬೇಕು ಅಂತ ಕೇಳೋಣ್ವಾ?" ಅಂದಳು ಒಮ್ಮೆ.

"ಬೇಡ. ನಮ್ಮನ್ನ ದಡ್ಡರು ಅಂದ್ಕೋತಾರೆ."

"ದಡ್ಡರೇ ಅಲ್ವೇನೇ? ಕಲಿಯೋಕೆ ತಾನೇ ಸೇರಿರೋದು?"

"ಉತ್ತರ ಗೊತ್ತಿಲ್ಲದ ಪ್ರಶ್ನೇನ ಎದುರಾಳಿಗೆ ಕೇಳಬಾರದು ಕಣೇ. ಚರ್ಚೆಯ ಮೊದಲನೇ ಪಾಠ ಅದು."

"ಅರೆ, ಅಲ್ಲಿ ಎದುರಾಳಿ ಯಾರು?"

ನಾನು ನಕ್ಕು ಆ ಸಾಲಿನ ಮೇಲೆ ಗೆರೆ ಎಳೆದೆ. ಅದರ ಬದಲು, ಮಿಕ್ಕ ಸದಸ್ಯರು ಬರೆದಿದ್ದರಲ್ಲಿ ಎಲ್ಲಿ ಪುರಾವೆ ಸಾಲದು, ಎಲ್ಲಿ ತರ್ಕ ಜಾರಿದೆ ಅಂತ ಹುಡುಕಿ ಉದ್ದುದ್ದ ಬರೆಯುತ್ತಿದ್ದೆ. ಒಂದು ವಾರ ಬಿಟ್ಟು ಬರುವ ಉತ್ತರಗಳನ್ನು ರಾಜಣ್ಣನ ಪ್ರಿಂಟರು ಕಿರುಗುಟ್ಟುತ್ತ ಹೊರಗೆ ಹಾಕುತ್ತಿತ್ತು. 'ಪ್ರಿಯ ನಸೀಮಾ, ನಿಮ್ಮ ವಾದ ಚುರುಕಾಗಿದೆ.' 'ಪ್ರಿಯ ನಸೀಮಾ, ನೀವು ಹೇಳಿದ್ದನ್ನು ಒಪ್ಪುತ್ತೇನೆ.' ನನ್ನ ವಾದ, ಅವಳ ಹೆಸರು. ಮೊದಲನೇ ಸಲ ತಮಾಷೆ ಅನ್ನಿಸಿತು. ಮೂರನೇ ಸಲ ಅನ್ನಿಸಲಿಲ್ಲ.

"ಈ ವಾಕ್ಯ ನಂದು ಕಣೇ," ಅಂದೆ, ಬೆರಳಿಟ್ಟು ತೋರಿಸಿ.

"ಗೊತ್ತು ಕಣೇ ತಾಯಿ. ನೀನೇ ಇಟ್ಕೋ," ಅಂತ ಪ್ರಿಂಟನ್ನು ನನ್ನ ಬ್ಯಾಗಿಗೇ ತುರುಕಿದಳು.

ಅವಳು ಅಷ್ಟು ಸುಲಭವಾಗಿ ಕೊಟ್ಟುಬಿಟ್ಟದ್ದೇ ನನಗೆ ಇನ್ನಷ್ಟು ಉರಿಯಿತು.

ಆ ಗುಂಪನ್ನು ನೋಡಿಕೊಳ್ಳುತ್ತಿದ್ದವರು ಹೆಲೆನ್ ಅಂತ ಒಬ್ಬ ಹೆಂಗಸು. ಯಾವುದೋ ಚಳಿದೇಶದಲ್ಲಿ ಮಳೆ ಅಳೆಯುವ ಕಚೇರಿಯಲ್ಲಿದ್ದು ನಿವೃತ್ತರಾದವರು. ತಿಂಗಳಿಗೊಬ್ಬರು ತಮ್ಮ ಬಾಗಿಲ ಲೆಕ್ಕ ತರಬೇಕು ಅನ್ನುವ ಪದ್ಧತಿ ಅವರದು. ಅದಕ್ಕೇ ಅದು ಹೊಸದೂ ಅಲ್ಲ, ನಸೀಮಾಳದೂ ಅಲ್ಲ ಅಂದದ್ದು. ದೀಪಾವಳಿ ಕಳೆದು ಚಳಿ ಹಿಡಿಯುವ ಹೊತ್ತಿಗೆ ಹೆಲೆನ್ ಬರೆದರು: 'ನಸೀಮಾ, ಮುಂದಿನದು ನಿಮ್ಮದು.'

ನಾನು ನಮ್ಮ ತಾಲ್ಲೂಕಿನ ಮಳೆ ಲೆಕ್ಕ ತರೋಣ ಅಂದೆ. ಸರ್ಕಾರದ್ದು, ಭದ್ರವಾದದ್ದು, ಯಾರೂ ಬೆರಳು ತೋರಿಸಲಾರರು.

"ಅದು ನಮ್ ಬಾಗಿಲದಲ್ವಲ್ಲ," ಅಂದಳು ನಸೀಮಾ. "ನಾನು ಗಾಡಿ ಎಣಿಸ್ತೀನಿ."

ಆಗಲೇ ಕಬ್ಬಿನ ಗಾಡಿಗಳು ಶುರುವಾಗಿದ್ದವು. ಬೆಳಗಿನ ಮಂಜು ನಾಲೆಯ ನೀರಿನ ಮೇಲಿಂದ ಎದ್ದು ರಸ್ತೆಗೆ ಹರಡುತ್ತಿತ್ತು. ಮೊದಲು ಕೊರಳ ಗಂಟೆ ಕೇಳುವುದು, ಆಮೇಲೆ ಗಾಡಿಯ ಮೂಕಿ ಕಾಣುವುದು, ಆಮೇಲೆ ಗುಡ್ಡದಂತೆ ಹೇರಿದ ಕಬ್ಬು. ಸೋಗೆ ನೆಲಕ್ಕೆ ತಾಗಿ ಸರಸರ ಸದ್ದು. ಗಾಡಿಯವರು ಕಂಬಳಿ ಹೊದ್ದು ಕಬ್ಬಿನ ಮೇಲೇ ತೂಕಡಿಸುತ್ತಿದ್ದರು, ದಾರಿ ಎತ್ತಿಗೇ ಗೊತ್ತು. ನಡುವೆ ಟ್ರಾಕ್ಟರು ಬಂದು ಹಾರನ್ ಹೊಡೆದರೆ ಗಾಡಿಯವರು ಎಚ್ಚೆತ್ತು ಅದರ ವಂಶವನ್ನೆಲ್ಲ ಬಯ್ಯುವರು. ಅಂಗಡಿಯ ಮುಂದೆ ಹಳೆಯ ಟೈರುಗಳ ಮೇಲೆ ಹಾಕಿದ್ದ ಹಲಗೆಯಲ್ಲಿ ನಸೀಮಾ ಕೂರುತ್ತಿದ್ದಳು. ಅವಳು ಕಾಲೇಜಿಗೆ ಬಂದಾಗ ಅವಳ ಅಮ್ಮಿ ಕೂರುತ್ತಿದ್ದರು. ಗೋಡೆಯ ಕ್ಯಾಲೆಂಡರಿನಿಂದ ಹರಿದ ಆಯಾ ದಿನದ ಹಾಳೆಯ ಹಿಂದೆ ಗಾಡಿ ಎಷ್ಟು, ಟ್ರಾಕ್ಟರು ಎಷ್ಟು ಅಂತ ಕಡ್ಡಿ ಎಳೆದು ಎಣಿಕೆ. ಡಿಸೆಂಬರು ಮುಗಿಯುವ ಹೊತ್ತಿಗೆ ಅಷ್ಟನ್ನೂ ಟೈಪು ಮಾಡಿ ಕಳಿಸಿದೆವು. ಮುನ್ನುಡಿ ನಾನು ಬರೆದೆ, ಚೆನ್ನಾಗಿಯೇ ಬರೆದೆ.

ಉತ್ತರಗಳು ಬಂದವು. ಮನಿಲಾದ ಒಬ್ಬ ನರ್ಸು ನಮ್ಮ ಅಂಕಿಗಳನ್ನು ನಕ್ಷತ್ರದ ಚುಕ್ಕೆಗಳಲ್ಲಿ ಸಾಲುಸಾಲಾಗಿ ಹಾಕಿದ್ದಳು, ದಿನಕ್ಕೊಂದು ಸಾಲು. ನೋಡಿದರೆ ಹಲ್ಲು ಮುರಿದ ಬಾಚಣಿಗೆ. ಏಳು ದಿನಕ್ಕೊಮ್ಮೆ ಗಾಡಿಗಳ ಸಾಲು ಗಿಡ್ಡವಾಗುತ್ತಿತ್ತು, ಟ್ರಾಕ್ಟರಿನ ಸಾಲು ಹಾಗೇ ಇರುತ್ತಿತ್ತು. ಭಾನುವಾರದ ರಜೆ ಇರಬೇಕು ಅಂದರು ಕೆಲವರು. ಇನ್ನೊಬ್ಬ ತಾರೀಖು ತಾಳೆ ಹಾಕಿ ನೋಡಿ, ಭಾನುವಾರ ಅಲ್ಲ, ಸೋಮವಾರ ಅಂದ. ಅದರ ಜೊತೆಗೆ ಒಂದು ಕುಹಕ: 'ಬಹುಶಃ ಎಣಿಸುವವರು ಸೋಮವಾರ ಬೆಳಿಗ್ಗೆ ತಡವಾಗಿ ಏಳುತ್ತಾರೆ.'

ನಸೀಮಾಳ ಮುಖ ಕೆಂಪಾಯಿತು. ಮೆಟ್ಟಿಲಿಳಿಯುವಾಗ ನನ್ನ ಕೈ ಹಿಡಿದು ನಿಲ್ಲಿಸಿದಳು. "ನಾನು ಎಣಿಸ್ದೆ ಮಲಗಿದ್ನಂತೆ ಕಣೇ. ಒಂದು ದಿನ ಬಿಟ್ಟಿಲ್ಲ ನಾನು. ಅಮ್ಮಿ ಜ್ವರದಲ್ಲೂ ಕೂತಿದ್ರು. ಸೋಮವಾರ ಅದ್ಯಾಕೆ ಕಮ್ಮಿ ಬರ್ತವೆ? ಸೋಮವಾರ ನಮ್ ಅಂಗಡೀಗೆ ಬರೀ ಚಕ್ರ ಬರ್ತವೆ, ಗಾಡಿ ಬರಲ್ಲ. ಬಿಚ್ಕೊಂಡು ಸೈಕಲ್ ಮೇಲೆ ಕಟ್ಕೊಂಡು ತರ್ತಾರೆ."

ನಾನು ಮೆಟ್ಟಿಲ ಮೇಲೇ ನಿಂತು ನಕ್ಕುಬಿಟ್ಟೆ. "ಸೋಮವಾರ ಯಾರಾದ್ರೂ ಎತ್ತು ಹೂಡ್ತಾರೇನೇ? ಬಸವಣ್ಣನ ವಾರ ಅದು. ನಮ್ಮ ತಾತ ಸೋಮವಾರ ಎತ್ತಿನ ಹೆಗಲಿಗೆ ನೊಗ ಮುಟ್ಟಿಸೋದಿಲ್ಲ. ಮೈ ತೊಳೆದು ಹುಲ್ಲು ಹಾಕಿ ಕಟ್ಟಿರ್ತಾರೆ."

ಅವಳು ನನ್ನನ್ನೇ ನೋಡಿದಳು. "ನಿಂಗೆ ಮೊದಲೇ ಗೊತ್ತಿತ್ತಾ?"

"ಇದೇನು ಗೊತ್ತಾಗೋ ವಿಷಯಾನಾ? ಸೂರ್ಯ ಎಲ್ಲಿ ಹುಟ್ತಾನೆ ಅಂದಂಗೆ."

ಇದನ್ನು ಒತ್ತಿ ಹೇಳಬೇಕಾಗಿದೆ, ಯಾಕೆಂದರೆ ಈ ವಾದದಲ್ಲಿ ನನ್ನ ಕಡೆಯ ಗಟ್ಟಿ ಸಾಕ್ಷಿ ಇದೊಂದೇ. ಸೋಮವಾರದ ಗುಟ್ಟನ್ನು ಹೇಳಿದವಳು ನಾನು. ಅವಳು ಗಾಡಿಯ ಪಕ್ಕದಲ್ಲೇ ಬದುಕಿದರೂ ಅದು ಅವಳಿಗೆ ಗೊತ್ತಿರಲಿಲ್ಲ.

ಬುಧವಾರ ಹೊಂಗೆ ಮರದ ಕೆಳಗೆ ಭರ್ಜರಿ ಉತ್ತರ ಬರೆದೆ. ನಿಮ್ಮ ಭಾನುವಾರ ನಮ್ಮ ಸೋಮವಾರವಲ್ಲ, ಇಲ್ಲಿ ರಜೆ ಮನುಷ್ಯರಿಗಲ್ಲ, ಎತ್ತುಗಳಿಗೆ. ಎಣಿಸಿದವರ ನಿದ್ದೆಯ ಮೇಲೆ ಸಂಶಯಪಟ್ಟವರು ತಮ್ಮ ತಿಳಿವಳಿಕೆಯ ಮೇಲೆ ಸಂಶಯಪಡಲಿ. ಕೊನೆಯ ವಾಕ್ಯಕ್ಕೆ ನಾನೇ ಬೀಗಿದೆ.

ನಸೀಮಾ ಓದಿದಳು. ಕಾಗದದ ಮೇಲೆ ಬೆರಳಾಡಿಸುತ್ತ ಕೂತಳು. "ಹಂಗಾದ್ರೆ ಸೊನ್ನೆ ಆಗ್ಬೇಕಿತ್ತಲ್ಲ?"

"ಏನು ಸೊನ್ನೆ?"

"ಸೋಮವಾರ ಯಾರೂ ಹೂಡಲ್ಲ ಅಂದ್ರೆ ಒಂದು ಗಾಡೀನೂ ಬರ್ಬಾರ್ದು. ಕಮ್ಮಿ ಬರ್ತವೆ, ಆದ್ರೆ ಬರ್ತವೆ."

"ಪದ್ಧತಿ ಅಂದ್ಮೇಲೆ ಮುರಿಯೋರೂ ಇರ್ತಾರೆ."

"ಪ್ರತಿ ಸೋಮವಾರ ಹೆಚ್ಚುಕಮ್ಮಿ ಅಷ್ಟೇ ಜನ ಮುರೀತಾರಾ?"

ಉತ್ತರ ಇಲ್ಲದಾಗ ಏನು ಮಾಡಬೇಕೆಂದು ಚರ್ಚೆಯ ಮೇಷ್ಟ್ರು ಕಲಿಸಿದ್ದರು: ದನಿ ಏರಿಸು. "ನೋಡು ನಸೀಮಾ, ಕೇಸು ಗೆದ್ದಾಗಿದೆ. ಈಗ ಹೋಗಿ, ಸ್ವಾಮೀ ಇನ್ನೊಂದು ತೂತಿದೆ ಅಂತ ನಾವೇ ತೋರಿಸೋದಾ? ಬಿಡು." ಅವಳು ಬಿಟ್ಟಳು, ಅಥವಾ ಬಿಟ್ಟಳು ಅಂದುಕೊಂಡೆ. ಮಾರನೆಯ ದಿನ ಗುರುವಾರ ಫೋನ್ ಲೈನು ಸಿಗಲಿಲ್ಲ. ಉತ್ತರ ಕಳಿಸುವುದು ಒಂದು ವಾರ ಮುಂದೆ ಹೋಯಿತು.

ಆ ಮುಂದಿನ ಗುರುವಾರ ನಾಗಮಂಗಲದಲ್ಲಿ ಅಂತರ ಕಾಲೇಜು ಚರ್ಚಾಸ್ಪರ್ಧೆ. 'ಕಂಪ್ಯೂಟರು ಮನುಷ್ಯನ ಬುದ್ಧಿಯನ್ನು ಮೊಂಡು ಮಾಡುತ್ತದೆ' ಅನ್ನುವುದು ವಿಷಯ, ನನ್ನದು ಪರ. ವಾರವಿಡೀ ಅದರ ತಯಾರಿಯಲ್ಲಿದ್ದೆ, ಅಂಗಡಿಯ ಕಡೆ ತಲೆ ಹಾಕಲಿಲ್ಲ. ಬೆಳಿಗ್ಗೆಯ ಬಸ್ಸು ಹತ್ತುವ ಮೊದಲು ನಸೀಮಾಗೆ ಹೇಳಿದ್ದೆ, "ನಮ್ಮ ಸರದಿ ಹೊತ್ತಿಗೆ ಬಂದ್ಬಿಡ್ತೀನಿ. ಕಾಯ್ತಿರು." ಅವಳು ತಲೆಯಾಡಿಸಿದ್ದಳು. ಅದನ್ನು ನಾನು ನೋಡಿದ್ದೇನೆ.

ನಾಗಮಂಗಲದಲ್ಲಿ ಗೆದ್ದೆ. ಒಂದು ತಿಂಗಳ ಹಿಂದೆಯಷ್ಟೇ ಕೆ.ಆರ್. ಪೇಟೆಯಲ್ಲಿ ನನ್ನನ್ನು ಸೋಲಿಸಿದ್ದ ಹುಡುಗನನ್ನೇ ಸೋಲಿಸಿದೆ. ಮರದ ಹಲಗೆಗೆ ತಗಡು ಹೊಡೆದ ಶೀಲ್ಡನ್ನು ತೊಡೆಯ ಮೇಲಿಟ್ಟುಕೊಂಡು ಕಿಟಕಿಯ ಪಕ್ಕ ಕೂತಿದ್ದೆ. ಮೇಲುಕೋಟೆಯ ಬೆಟ್ಟ ದೂರದಲ್ಲಿ ತಿರುಗಿ ತಿರುಗಿ ಹಿಂದಾಯಿತು, ಬಯಲಿನಲ್ಲಿ ಹುರುಳಿ ಒಣಗಿತ್ತು, ನಾಲೆಯ ಸೀಮೆ ಬಂದೊಡನೆ ಹಸಿರು. ಬಸ್ಸು ಸರಿಯಾದ ಹೊತ್ತಿಗೇ ಬಂತು. ಶೀಲ್ಡು ಕಂಕುಳಲ್ಲಿಟ್ಟುಕೊಂಡು ರಾಜಣ್ಣನ ಮೆಟ್ಟಿಲು ಹತ್ತಿದೆ. ನಮ್ಮ ಕುರ್ಚಿಯಲ್ಲಿ ಟೈಪಿಂಗ್ ಕಲಿಯುವ ಹುಡುಗಿಯರು ಕೂತಿದ್ದರು.

"ನಸೀಮಾ ಎಲ್ಲಿ ರಾಜಣ್ಣ?"

"ಅವ್ಳು ಬೆಳಗ್ಗೆನೇ ಬಂದಿದ್ಲಲ್ಲವ್ವ. ಈ ಐಕ್ಳ ಸರದಿ ತಕ್ಕಂಡು ಅವ್ಳ ಸರದಿ ಇವ್ರಿಗೆ ಕೊಟ್ಟವ್ಳೆ. ಯಾಕೆ, ನಿಂಗ್ ಏಳಿರ್ನಿಲ್ವಾ?"

"ಏನು ಕಳಿಸಿದಳು?"

"ನಂಗೇನ್ ಗೊತ್ತವ್ವ, ಇಂಗ್ಲೀಸು. ಬಾಳ ಒತ್ತು ಕೂತಿದ್ಲು, ಒಂದೊಂದೇ ಅಕ್ಸರ ಹುಡುಕ್ಕಂಡು. ಏ, ಶೀಲ್ಡಾ? ಭೇಷ್! ಇಲ್ ಮಡುಗು, ನಾಲ್ಕ್ ಜನ ನೋಡ್ಲಿ."

ಶೀಲ್ಡನ್ನು ಅಲ್ಲಿ ಇಡಲಿಲ್ಲ. ಸೀದಾ ಸೇತುವೆಯ ಹತ್ತಿರದ ಅಂಗಡಿಗೆ ಹೋದೆ. ನಸೀಮಾ ಅಮ್ಮಿಯ ಜೊತೆ ಗಂಜಾಮಿನ ನೆಂಟರ ಮನೆಗೆ ಹೋಗಿದ್ದಳು. ಅವಳ ಅಬ್ಬಾ ಟ್ಯೂಬನ್ನು ನೀರಿನ ತೊಟ್ಟಿಯಲ್ಲಿ ಮುಳುಗಿಸಿ ಗುಳ್ಳೆ ಎಲ್ಲಿ ಬರುತ್ತದೆ ಅಂತ ನೋಡುತ್ತಿದ್ದರು. ನನ್ನನ್ನು ಕಂಡು ಮುಖ ಅರಳಿಸಿದರು.

"ಬಾ ಬೇಟಿ. ಸೋಮವಾರ ನೀನು ಇರಬೇಕಿತ್ತು ನೋಡು. ನಿನ್ ಫ್ರೆಂಡು ರೋಡಿನ ಮಧ್ಯ ನಿಂತು ಗಾಡಿಯವರನ್ನೆಲ್ಲ ನಿಲ್ಲಿಸಿಬಿಟ್ಳು! ಇವತ್ತು ಯಾಕೆ ಗಾಡಿ ಹೂಡಿದ್ದೀರಿ, ಬಸವಣ್ಣಂಗೆ ರಜೆ ಅಲ್ವಾ ಅಂತ. ನಂಗೆ ಭಯ, ಬಯ್ತಾರೇನೋ ಅಂತ. ಅವನೊಬ್ಬ ಮುದುಕಪ್ಪ ಹೊಟ್ಟೆ ಹಿಡ್ಕೊಂಡು ನಗ್ತಾನೆ. 'ಕಣ್ ಬುಟ್ಟು ನೋಡವ್ವ, ಇದು ಎತ್ತೇನವ್ವ? ಕ್ವಾಣ! ಕ್ವಾಣಕ್ಕೆ ಯಾವ್ ಸೋಮ್ವಾರ?' ಅಂತಾನೆ. ನೋಡಿದ್ರೆ ಸೋಮವಾರ ಬಂದ ಗಾಡಿ ಅಷ್ಟಕ್ಕೂ ಕೋಣ ಕಟ್ಟಿತ್ತು!" ಅವರೂ ನಕ್ಕರು. "ತಿಂಗಳುಗಟ್ಲೆ ಎಣಿಸಿದಾಳೆ, ಕೋಣ ಕಂಡಿಲ್ಲ ಅವಳಿಗೆ. ನಮ್ ಮನೆ ಮಕ್ಕಳು ಗಾಡಿ ಬಂದ್ರೆ ಮೊದಲು ಚಕ್ರ ನೋಡೋದು, ಟೈರಲ್ಲಿ ಗಾಳಿ ಇದ್ಯಾ ಅಂತ. ಮುಂದೆ ಎತ್ತು ಕಟ್ಟಿದಾರಾ, ಆನೆ ಕಟ್ಟಿದಾರಾ, ಯಾರು ನೋಡ್ತಾರೆ? ನಿಂಗೆ ಹೇಳ್ಲಿಲ್ವಾ ಅವಳು?"

"ಹೇಳಿದಳು," ಅಂದೆ.

ಅದು ಸುಳ್ಳು. ಸೋಮವಾರದಿಂದ ಬುಧವಾರದವರೆಗೆ ನಾವು ದಿನವೂ ಒಂದೇ ಬೆಂಚಿನಲ್ಲಿ ಕೂತಿದ್ದೆವು.

ಮುಂದಿನ ಗುರುವಾರ ಪ್ರಿಂಟರು ನಿಲ್ಲಲೇ ಇಲ್ಲ. ಕಾಗದ ಮಡಿಕೆ ಮಡಿಕೆಯಾಗಿ ನೆಲಕ್ಕೆ ಇಳಿಯಿತು. ಅವಳು ಕಳಿಸಿದ್ದನ್ನು ನಾನು ಮೊದಲು ನೋಡಿದ್ದು ಉತ್ತರಗಳ ಬಾಲದಲ್ಲಿ. ಇಂಗ್ಲಿಷು ಕುಂಟುತ್ತಿತ್ತು. ನನ್ನ ಭರ್ಜರಿ ಉತ್ತರ ಅಲ್ಲಿ ಒಂದೇ ಸಾಲಾಗಿ ಕುಗ್ಗಿಹೋಗಿತ್ತು: ಇಲ್ಲಿ ಸೋಮವಾರ ಎತ್ತಿಗೆ ರಜೆ. ಯಾರು ಹೇಳಿದ್ದು ಅಂತ ಇರಲಿಲ್ಲ, ಊರಿಗೆಲ್ಲ ಗೊತ್ತಿರುವ ಸಂಗತಿ ಹಾಗೆ. ಆಮೇಲೆ, ಆದರೆ ಸೊನ್ನೆ ಯಾಕಾಗಲಿಲ್ಲ ಅನ್ನುವುದು. ಆಮೇಲೆ ಕೋಣ. ತಾನು ಚಕ್ರ ನೋಡುತ್ತಿದ್ದೆ, ಮುಂದೆ ಏನು ಕಟ್ಟಿದೆ ಅಂತ ನೋಡಲಿಲ್ಲ ಅನ್ನುವುದನ್ನೂ ಮುಚ್ಚಿಟ್ಟಿರಲಿಲ್ಲ. ಕೊನೆಗೆ ಒಂದು ಪ್ರಶ್ನೆ: 'ನಾನು ಎಣಿಸುವಾಗ ಹೀಗೆ ಕಾಣದೆ ಬಿಟ್ಟಿದ್ದು ಇನ್ನೂ ಏನೇನಿರಬಹುದು? ಅದನ್ನು ತಿಳಿಯುವುದು ಹೇಗೆ?'

ಆ ಪ್ರಶ್ನೆಗೆ ಗುಂಪಿನವರೆಲ್ಲ ಮುಗಿಬಿದ್ದಿದ್ದರು. ನಿದ್ದೆಯ ಕುಹಕ ಆಡಿದ್ದವನೂ ಕ್ಷಮೆ ಕೇಳಿದ್ದ. ಮನಿಲಾದ ನರ್ಸು ತಾನು ಆಸ್ಪತ್ರೆಯಲ್ಲಿ ಎಣಿಸದೆ ಬಿಟ್ಟದ್ದರ ಬಗ್ಗೆ ಪುಟಗಟ್ಟಲೆ ಬರೆದಿದ್ದಳು. ನನ್ನ ಚುರುಕಾದ ವಾದಗಳಿಗೆ ಬರುತ್ತಿದ್ದದ್ದು ಎರಡೋ ಮೂರೋ ಸಾಲಿನ ಉತ್ತರ. ಹೆಲೆನ್ ಹೀಗೆ ಬರೆದಿದ್ದರು: 'ನಸೀಮಾ, ಇಷ್ಟು ದಿನ ನೀವು ನಮ್ಮ ಜೊತೆ ವಾದ ಮಾಡುತ್ತಿದ್ದಿರಿ. ಇವತ್ತು ಮೊದಲ ಸಲ ಮಾತಾಡಿದಿರಿ.'

ಆ ಸಾಲನ್ನು ನಾನು ಎಷ್ಟು ಸಲ ಓದಿದೆನೋ. ವಾದ ಮಾಡಿದ ನಸೀಮಾ ನಾನು. ಮಾತಾಡಿದ ನಸೀಮಾ ಅವಳು. ಹೆಲೆನ್ನಿಗೆ ಗೊತ್ತೇ ಇರಲಿಲ್ಲ, ಆದರೂ ಚಾಕು ಸರಿಯಾದ ಗೆಣ್ಣಿಗೇ ಬಿದ್ದಿತ್ತು.

ನಸೀಮಾ ನನ್ನ ಮುಖವನ್ನೇ ನೋಡುತ್ತಿದ್ದಳು. "ಹೆಂಗಿದೆ?"

"ಮೂರು ಕಡೆ ವ್ಯಾಕರಣ ತಪ್ಪು," ಅಂದೆ.

"ಅವರಿಗೆ ಅರ್ಥ ಆಯ್ತಲ್ಲ ಬಿಡು," ಅಂದಳು, ಮೆಲ್ಲಗೆ. ಪ್ರಿಂಟನ್ನು ಮಡಿಸಿದಳು. ಈ ಸಲ ಅದನ್ನು ನನ್ನ ಬ್ಯಾಗಿಗೆ ಹಾಕಲಿಲ್ಲ.

ಯುಗಾದಿಯ ಹೊತ್ತಿಗೆ ಅಂಗಡಿಯ ವಿಳಾಸಕ್ಕೆ ಒಂದು ಪಾರ್ಸೆಲ್ ಬಂತು. ಹೆಲೆನ್ ಕಳಿಸಿದ ಸ್ಟ್ಯಾಟಿಸ್ಟಿಕ್ಸ್ ಪುಸ್ತಕ, ಅವರೇ ಓದಿ ಅಂಚು ಸವೆದದ್ದು. ಮೊದಲ ಪುಟದಲ್ಲಿ ಓರೆ ಅಕ್ಷರ: 'ಕೋಣಗಳ ಬಗ್ಗೆ ಕೇಳಿದ ನಸೀಮಾಗೆ.' ಅವಳ ಅಬ್ಬಾ ಗ್ರೀಸು ಮೆತ್ತಿದ ಕೈಯನ್ನು ಎರಡೆರಡು ಸಲ ಒರೆಸಿಕೊಂಡು, ಟ್ಯೂಬಿಗೆ ಪ್ಯಾಚು ಹಾಕಿಸಲು ಬಂದವರಿಗೆಲ್ಲ ಆ ಪುಟ ತೋರಿಸುತ್ತಿದ್ದರು. ನನಗೂ ತೋರಿಸಿದರು. ನನ್ನ ಮನೆಯ ಗೋಡೆಯ ಮೇಲೆ ಶೀಲ್ಡುಗಳ ಸಾಲೇ ಇತ್ತು. ಅವುಗಳಲ್ಲಿ ಒಂದರ ಮೇಲೂ ನನ್ನ ಹೆಸರಿರಲಿಲ್ಲ, ಬರೀ 'ಪ್ರಥಮ' ಅಂತಿತ್ತು. ಆವತ್ತಿನ ತನಕ ಅದು 'ಚಂದ್ರಕಲಾ'ಗಿಂತ ದೊಡ್ಡದು ಅಂದುಕೊಂಡಿದ್ದೆ.

ಆಮೇಲೆ ಪರೀಕ್ಷೆ ಅಂತ ನಾನು ಗುರುವಾರಗಳನ್ನು ಬಿಟ್ಟೆ. ಅವಳು ಬಿಡಲಿಲ್ಲ. ನಾನು ಕಾನೂನು ಓದಿದೆ, ಅವಳು ಮೈಸೂರಿನಲ್ಲಿ ಎಂಎಸ್ಸಿ. ಜಗಳ ಆಗಲಿಲ್ಲ, ಆಗಿದ್ದರೆ ಚೆನ್ನಾಗಿತ್ತು. ಜಗಳದಲ್ಲಿ ನಾನು ಗೆಲ್ಲುತ್ತಿದ್ದೆ.

ಈಗ ಅವಳ ಬಳಗದಲ್ಲಿ ನಾನೂ ಒಬ್ಬ ಸದಸ್ಯೆ. 'ಕಲಾ' ಅನ್ನುವ ಹೆಸರಿನಲ್ಲಿ. ಕೊನೆಗೂ ತುಂಡಾಯಿತು. ಏನೂ ಬರೆಯುವುದಿಲ್ಲ, ಓದುತ್ತೇನೆ. ಯಾರೋ ಹೊಸಬರು ಅಂಜುತ್ತ ಒಂದು ಪೆದ್ದು ಪ್ರಶ್ನೆ ಕೇಳಿದರೆ ನಸೀಮಾ ತಾನೇ ಮುಂದೆ ಬಂದು, 'ಇದನ್ನು ಕೇಳಿದ್ದಕ್ಕೆ ಥ್ಯಾಂಕ್ಸ್' ಅಂತ ಬರೆಯುತ್ತಾಳೆ. ಹೊಟ್ಟೆ ಉರಿಯುತ್ತದೆ. ಆ ಹೊಸಬರ ಮೇಲೂ.

ಕಳೆದ ತಿಂಗಳ ಸಭೆ ಮುಗಿದ ಮೇಲೆ ಅವಳು ಕಾರಿಡಾರಿನಲ್ಲಿ ನನ್ನ ಕೈ ಹಿಡಿದುಕೊಂಡಳು. "ಏನೇ ವಕೀಲಮ್ಮ, ಹಿಂದಿನ ಸಾಲಲ್ಲಿ ಕೂತಿದ್ದೆ? ಯಾವಾಗ ಎದ್ದು ಅಬ್ಜೆಕ್ಷನ್ ಅಂತೀಯೋ ಅಂತ ಕಾಯ್ತಿದ್ದೆ."

"ಸ್ವಾಗತ ಭಾಷಣದಲ್ಲಿ ತಪ್ಪಿತ್ತು," ಅಂದೆ.

"ಹೌದು ಕಣೇ. ಅಂಗಡೀಲಿ ಫೋನೇ ಇರ್ಲಿಲ್ಲ," ಅಂದು ನಕ್ಕಳು. ಅಷ್ಟರಲ್ಲಿ ಯಾರೋ ಫೋಟೋಗೆ ಕರೆದರು.

ಫೋನಂತೆ! ಮೂರು ತಪ್ಪಿನಲ್ಲಿ ಅತಿ ಸಣ್ಣದನ್ನು ಆರಿಸಿಕೊಂಡಳು. ಬೇಕೆಂದೇ ಮಾಡಿದಳೋ ಏನೋ. ಎರಡನೆಯದನ್ನು ಅವಳು ಹೇಳಲಿ ಅಂತ ನಾನು ಇಷ್ಟು ವರ್ಷ ಕಾದಿದ್ದೇನೆ, ಅದನ್ನು ಇಲ್ಲಿ ನಾನೇ ಹೇಳಿಕೊಂಡೆ. ಇನ್ನು ಮೂರನೆಯದು. 'ಕಲಿತಳು' ಅನ್ನುವುದೇ ತಪ್ಪು. ಪುಸ್ತಕದಲ್ಲಿದ್ದದ್ದನ್ನು ಕಲಿತವಳು ನಾನು, ನನಗೆ ಅವಳಿಗಿಂತ ಹೆಚ್ಚು ಮಾರ್ಕ್ಸು ಬಂದಿತ್ತು. ಸೋಮವಾರದ ಉತ್ತರ ಹುಟ್ಟಿದಾಗಿನಿಂದ ನಮ್ಮ ಕೊಟ್ಟಿಗೆಯಲ್ಲೇ ಇತ್ತು, ಆದರೆ ಅದನ್ನು ಒಂದು ಉತ್ತರ ಅಂತ ಮಾಡಿದ್ದು ಅವಳ ಪ್ರಶ್ನೆ. ನಾನು ಉತ್ತರ ಸಿಕ್ಕಿದ ಕೂಡಲೇ ಕೂತೆ. ಅವಳು ಮುಂದಿನ ಪ್ರಶ್ನೆ ಹಿಡಿದು ನಿಂತೇ ಇದ್ದಳು. ಇದನ್ನು ಬರೆಯುವಾಗಲೂ ನನಗೆ ಸಮಾಧಾನವಿಲ್ಲ, ಒಪ್ಪಿಕೊಂಡರೆ ಹೊಟ್ಟೆಕಿಚ್ಚು ಆರುತ್ತದೆ ಅನ್ನುವವರ ಮಾತನ್ನು ನಂಬಬೇಡಿ.

ಉಳಿದದ್ದು ಆ ಗುರುವಾರ. ಲೈನು ಕೆಡಬಹುದು ಅಂತ ಸರದಿ ಬದಲಾಯಿಸಿದಳು ಅನ್ನೋಣವೇ? ಹಾಗಿದ್ದರೆ ನನಗೆ ಹೇಳಬಹುದಿತ್ತು, ದಿನವೂ ಪಕ್ಕದಲ್ಲೇ ಕೂತಿದ್ದೆ. ನೆಂಟರ ಮನೆಗೆ ಹೋಗುವ ಅವಸರವೇ? ಕಾಯುತ್ತೇನೆಂದು ಬೆಳಿಗ್ಗೆಯಷ್ಟೇ ತಲೆಯಾಡಿಸಿದ್ದಳು. ಹೆಸರು ತನ್ನೊಬ್ಬಳದೇ ಆಗಲಿ ಅಂತಲೇ? ವರ್ಷಗಟ್ಟಲೆ ನಾನು ಹೀಗೇ ನಂಬಿದ್ದೆ, ನಂಬಿಕೊಂಡಿರುವುದು ಸುಲಭವಾಗಿತ್ತು. ಆದರೆ ಪ್ರಿಂಟನ್ನೆಲ್ಲ ನನ್ನ ಬ್ಯಾಗಿಗೇ ತುರುಕುತ್ತಿದ್ದವಳು ಅವಳು.

ವಕೀಲರು ಉತ್ತರ ಗೊತ್ತಿಲ್ಲದ ಪ್ರಶ್ನೆ ಕೇಳುವುದಿಲ್ಲ. ಇದೊಂದನ್ನು ಕೇಳುತ್ತೇನೆ. ನಸೀಮಾ, ನಾನು ಅಲ್ಲಿದ್ದಿದ್ದರೆ ಆ ಕೊನೆಯ ಪ್ರಶ್ನೆಯ ಮೇಲೆ ಗೆರೆ ಎಳೆಯುತ್ತಿದ್ದೆ ಅಂತ ಹೆದರಿಯೇ ನೀನು ಸರದಿ ಬದಲಾಯಿಸಿಕೊಂಡೆಯಾ?